ಹೊಳೆಯಾಚೆಯವರಿಗೊಂದು ಕುರ್ಚಿ

ಇನ್ನೂರು ಒದ್ದೆ ಕೊಡೆಗಳನ್ನು ಒಂದೇ ಜಗಲಿಯಲ್ಲಿ ನೇತುಹಾಕಿದರೆ ಎಂಥ ವಾಸನೆ ಬರುತ್ತದೆಂದು ಯಾರಾದರೂ ಕೇಳಿದರೆ ನಾನು ಹತ್ತು ಅಂಕಕ್ಕೆ ಉತ್ತರ ಬರೆದೇನು. ತುಕ್ಕು ಹಿಡಿದ ಕಡ್ಡಿ, ಮುಗ್ಗಿದ ಬಟ್ಟೆ, ಯಾರದೋ ಬುತ್ತಿಯ ಉಪ್ಪಿನಕಾಯಿ, ಅದರ ಮೇಲೆ ಒಂದಿಷ್ಟು ನೆನೆದ ನಾಯಿ. ನಾಯಿ ಅಲ್ಲಿರುವುದಿಲ್ಲ, ವಾಸನೆ ಮಾತ್ರ ಇರುತ್ತದೆ. ಕಳೆದ ವಾರ ನಡತೆಯ ಸರ್ಟಿಫಿಕೇಟು ತರಲು ಪುತ್ತೂರಿನಿಂದ ಕಡಬದ ಬಸ್ಸು ಹಿಡಿದು ನನ್ನ ಹಳೆಯ ಹೈಸ್ಕೂಲಿಗೆ ಹೋದೆ. ನನ್ನ ನಡತೆಗೆ ಸರ್ಟಿಫಿಕೇಟು ಬರೆಯುವಾಗ ಗುಮಾಸ್ತರ ಕೈ ನಡುಗುತ್ತದೆಂದು ಗೊತ್ತಿದ್ದೂ ಹೋದೆ. ಜಗಲಿ ಹತ್ತಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನಾನು ಪಿಯುಸಿ ಓದುವ ದೊಡ್ಡ ಮನುಷ್ಯನೆಂಬುದು ಮರೆತೇಹೋಗಿ ಹತ್ತನೇ ಕ್ಲಾಸಿನ ಮಳೆಗಾಲದಲ್ಲಿ ಹೋಗಿ ನಿಂತೆ. ಎಂಬತ್ತೆರಡರ ಮಳೆಗಾಲ ಅದು. ನಾನು ಪ್ರಜಾಪ್ರಭುತ್ವವನ್ನು ಕಾಪಾಡಿದ ಮಳೆಗಾಲ. ಅದನ್ನು ಮೊದಲು ಕೆಡಿಸಿದವನೂ ನಾನೇ ಎಂಬುದು ಬೇರೆ ವಿಷಯ.

ನಮ್ಮ ಹೆಡ್‌ಮಾಸ್ಟ್ರು ಒಮ್ಮೆ ದೆಹಲಿಗೆ ಪ್ರವಾಸ ಹೋಗಿ ಪಾರ್ಲಿಮೆಂಟನ್ನು ಹೊರಗಿನಿಂದ ನೋಡಿ ಬಂದಿದ್ದರು. ಹೊರಗಿನಿಂದ ನೋಡಿದ್ದಕ್ಕೇ ಈ ಪರಿಣಾಮ. ಒಳಗೆ ಬಿಟ್ಟಿದ್ದರೆ ನಮ್ಮ ಶಾಲೆಗೆ ವಿದೇಶಿ ರಾಯಭಾರಿಗಳೂ ಬರುತ್ತಿದ್ದರೋ ಏನೋ. ಬೇರೆ ಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿ ನಾಯಕ, ಕಸ ಹೆಕ್ಕಿಸಲು ಒಬ್ಬ ಸ್ವಚ್ಛತಾ ಮಂತ್ರಿ, ಅಲ್ಲಿಗೆ ಸರಕಾರ ಮುಗಿಯಿತು. ನಮ್ಮಲ್ಲಿ ಎರಡು ಸದನ. ಕೆಳಮನೆಗೆ ಪ್ರತಿ ಕ್ಲಾಸಿನವರು ಚೀಟಿ ಹಾಕಿ ಇಬ್ಬರನ್ನು ಆರಿಸುತ್ತಿದ್ದರು. ಅವರಿಗೆ ಸಭೆಯ ಹಾಲ್‌ನಲ್ಲಿ ಬೆಂಚು. ಮೇಲ್ಮನೆಗೆ ಒಂಬತ್ತು ಜನ, ಹೆಡ್‌ಮಾಸ್ಟ್ರೇ ಹೆಸರಿಸಿದವರು. ಅವರಿಗೆ ಸ್ಟೇಜಿನ ಮೇಲೆ ಕೈಯಿರುವ ಕುರ್ಚಿ, ಎದೆಗೊಂದು ನೀಲಿ ರಿಬ್ಬನ್ನು. ಕೆಳಮನೆ ಒಪ್ಪಿದ್ದನ್ನು ಮೇಲ್ಮನೆಯೂ ಒಪ್ಪಬೇಕು. ಎರಡೂ ಕಡೆ ಪಾಸಾದರೆ ಹೆಡ್‌ಮಾಸ್ಟ್ರು ಅದನ್ನು ಜಾರಿ ಮಾಡಲೇಬೇಕು. ಹಾಗೆಂದು ಅವರೇ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಕಂದು ಕಾಗದದ ಹೊದಿಕೆ ಹಾಕಿ, ಮೇಲೆ 'ಸಂವಿಧಾನ' ಎಂದು ಬರೆದಿಟ್ಟಿದ್ದರು.

ಆ ಒಂಬತ್ತರಲ್ಲಿ ಮೂವರು ಮಾರ್ಕಿನವರು, ಇಬ್ಬರು ಶಾಲಾ ಕಮಿಟಿಯವರ ಮಕ್ಕಳು, ಒಬ್ಬ ಕಬಡ್ಡಿಯವ, ಒಬ್ಬಳು ಪ್ರಾರ್ಥನೆ ಹಾಡುವವಳು, ಒಬ್ಬಳು ಮುತ್ತಿನಂತೆ ಅಕ್ಷರ ಬರೆಯುವವಳು. ಒಂಬತ್ತನೆಯವ ನಾನು, 'ಕಲೆ'ಯ ಲೆಕ್ಕದಲ್ಲಿ. ಹಿಂದಿನ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ಪರದೆ ಸಿಕ್ಕಿಹಾಕಿಕೊಂಡಾಗ ನಾನು ಮುಂದೆ ಬಂದು ಒಂದು ಗಂಟೆ ಜನರನ್ನು ನಗಿಸಿದ್ದೆ. ಒಂದು ಗಂಟೆ ಅಂದರೆ ಹತ್ತು ನಿಮಿಷ. ಅದರಲ್ಲಿ ಹೆಡ್‌ಮಾಸ್ಟ್ರ ಕೆಮ್ಮನ್ನೇ ಏಳು ಬಗೆಯಲ್ಲಿ ಕೆಮ್ಮಿ ತೋರಿಸಿದ್ದೆ. ಇಂಥವನನ್ನು ಬೆಂಚಿನಲ್ಲಿ ಬಿಡುವುದಕ್ಕಿಂತ ಕುರ್ಚಿಯಲ್ಲಿ ಕೂರಿಸುವುದು ಕ್ಷೇಮ ಎಂದು ಅವರಿಗೆ ಅನ್ನಿಸಿರಬೇಕು. ಶನಿವಾರ ಹತ್ತೂವರೆಗೆ ಸದನ. ಮೇಲ್ಮನೆಯವರಿಗೆ ಮಾತ್ರ ಎದುರು ಹೋಟೆಲಿನಿಂದ ಬಿಸಿ ಗೋಳಿಬಜೆ ಬರುತ್ತಿತ್ತು. ದೇಶಸೇವೆಯಲ್ಲಿ ಇಷ್ಟು ಸುಖವಿದೆಯೆಂದು ನನಗೆ ಮೊದಲು ಗೊತ್ತಿರಲಿಲ್ಲ.

ಜುಲೈಯಲ್ಲಿ ನಮ್ಮ ಕ್ಲಾಸಿನ ಇಸ್ಮಾಯಿಲ್ ಕೆಳಮನೆಯಿಂದ ಒಂದು ಠರಾವು ಪಾಸು ಮಾಡಿಸಿಕೊಂಡು ತಂದ. ಕುಮಾರಧಾರೆಯ ಆಚೆ ದಡದಿಂದ ದೋಣಿಯಲ್ಲಿ ಬರುವ ಮಕ್ಕಳು ಹದಿನಾಲ್ಕು ಜನ ಇದ್ದರು. ಮಳೆಗಾಲದಲ್ಲಿ ಅವರು ಪ್ರಾರ್ಥನೆಯ ಹೊತ್ತಿಗೆ ತಲುಪುವುದು ಹಬ್ಬಕ್ಕೊಮ್ಮೆ. ಪ್ರಾರ್ಥನೆ ತಪ್ಪಿದರೆ ಕೆಂಪು ಶಾಯಿಯಲ್ಲಿ ಲೇಟು. ಎರಡು ಲೇಟಿಗೆ ಒಂದು ದಿನ ಗೈರುಹಾಜರಿ. ಮಳೆಗಾಲ ಮುಗಿಯುವವರೆಗೆ ಇವರ ಹಾಜರಿಯನ್ನು ಎರಡನೇ ಪೀರಿಯಡ್ ಆದ ಮೇಲೆ ಕರೆಯಬೇಕು ಎಂಬುದು ಠರಾವು.

ನಾನು ಎದ್ದು ನಿಂತೆ. ನನ್ನ ಮನೆ ಶಾಲೆಯ ಎದುರಿಗೇ ಇತ್ತು. ಬೆಲ್ಲು ಹೊಡೆಯುವವನು ಕೈ ಎತ್ತಿದ ಮೇಲೆ ಅಂಗಿ ಹಾಕಿದರೂ ನಾನು ಮೊದಲ ಸಾಲಿನಲ್ಲಿರುತ್ತಿದ್ದೆ. ಹೊಳೆಯ ವಿಷಯದಲ್ಲಿ ಮಾತಾಡಲು ಇದಕ್ಕಿಂತ ಅರ್ಹತೆ ಬೇಕೇ? ದೋಣಿಯಲ್ಲಿ ಮಕ್ಕಳು ಮಲಗಿದ್ದನ್ನು, ಮಕ್ಕಳನ್ನು ನೋಡಿ ಅಂಬಿಗ ಮಲಗಿದ್ದನ್ನು, ಅಂಬಿಗನನ್ನು ನೋಡಿ ದೋಣಿಯೂ ಮಲಗಿದ್ದನ್ನು, ಕೊನೆಗೆ ಒಂದು ಮೀನು ಬಂದು ಎಲ್ಲರನ್ನೂ ಎಬ್ಬಿಸಿದ್ದನ್ನು ಅಭಿನಯಿಸಿ ತೋರಿಸಿದೆ. ಕಬಡ್ಡಿಯವ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಸಭಾಪತಿ ವಸಂತ, ಮಾರ್ಕಿನ ಮೂವರಲ್ಲಿ ಮೊದಲನೆಯವ, ಕಣ್ಣೊರೆಸಿಕೊಳ್ಳುತ್ತಾ, "ಅರ್ಧ ಗಂಟೆ ಮುಂಚೆ ಏಳ್ಲಿಕ್ಕೆ ಹೇಳಿ ಅವರಿಗೆ. ಠರಾವು ಬಿತ್ತು," ಅಂದ. ಅಷ್ಟರಲ್ಲಿ ಗೋಳಿಬಜೆ ಬಂತು.

ಸೋಮವಾರ ನೀರಿನ ಟಾಂಕಿಯ ಹತ್ತಿರ ಯಮುನಾ ಸಿಕ್ಕಿದಳು. ನಮ್ಮ ಕ್ಲಾಸಿನವಳೇ, ಹೊಳೆಯಾಚೆಯವಳು. ಹೊಳೆಯ ಹೆಸರು ಇಟ್ಟುಕೊಂಡವಳನ್ನು ಇನ್ನೊಂದು ಹೊಳೆ ದಿನಾ ತಡೆಯುತ್ತಿತ್ತು.

"ಗೋಪು, ನಿನ್ನ ಭಾಷಣ ಕೇಳಿದೆ," ಅಂದಳು.

"ಹೇಗಿತ್ತು?"

"ಲಾಯ್ಕ ಇತ್ತು. ಆ ಮೀನಿನದ್ದು ಭಾರೀ ಚಂದ."

"ಹಾಲಲ್ಲಿ ನಿನ್ನನ್ನು ಕಾಣ್ಲಿಲ್ಲ ಮಾರಾಯ್ತಿ?"

"ಜಗಲಿಯಲ್ಲಿದ್ದೆ. ಲೇಟಾದವರನ್ನು ಹಾಲಿನೊಳಗೆ ಬಿಡುದಿಲ್ಲ ಅಲ್ವಾ."

ನಾನು ಟಾಂಕಿಯ ನಲ್ಲಿಯನ್ನು ತುಂಬಾ ಗಮನವಿಟ್ಟು ನೋಡಿದೆ. ಅವಳು ಸಿಟ್ಟಿನಿಂದೇನೂ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನ್ನ ಹತ್ತಿರ ಉತ್ತರವಿತ್ತು.

"ಇವತ್ತಿಗೆ ಹದಿನೆಂಟು ಲೇಟು ಆಯ್ತು ನನಗೆ," ಅಂದಳು. "ಹೀಗೇ ಹೋದ್ರೆ ಪಬ್ಲಿಕ್ ಪರೀಕ್ಷೆಯ ಲಿಸ್ಟಿಗೆ ಹೆಸರು ಹೋಗುದಿಲ್ಲ ಅಂತ ಗುಮಾಸ್ತರು ಹೇಳಿದ್ರು."

"ಹೋಗ್ದಿದ್ರೆ ಎಂತ ಮಾಡುದು?"

"ಎಂತ ಮಾಡುದು, ಬೀಡಿ ಕಟ್ಟುದು. ನಮ್ಮ ಅಪ್ಪ ಈಗ್ಲೇ ಸೂಪು ತೆಗೆದಿಟ್ಟಿದ್ದಾರೆ."

ಸೂಪು ಅಂದರೆ ಬೀಡಿ ಕಟ್ಟುವವರು ಮಡಿಲಲ್ಲಿ ಇಟ್ಟುಕೊಳ್ಳುವ ಮೊರ. ನಮ್ಮ ಕಡೆ ಅದು ಒಮ್ಮೆ ಮಡಿಲಿಗೆ ಬಂದರೆ ಪುಸ್ತಕಕ್ಕೆ ಅಲ್ಲಿ ಜಾಗ ಇರುವುದಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅದೇ ಠರಾವನ್ನು ಇನ್ನೊಮ್ಮೆ ತರುತ್ತಿದ್ದರು, ನಾನು ಇನ್ನೊಂದು ಮೀನು ಬಿಡುತ್ತಿದ್ದೆ. ಯಮುನಾ ಹಾಗೆ ಮಾಡಲಿಲ್ಲ. ಮಧ್ಯಾಹ್ನ ಬುತ್ತಿ ತಿನ್ನುವಾಗ ಸಮಾಜದ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದಳು. ಆಗಸ್ಟಿನಲ್ಲಿ ಒಂದು ದಿನ ಇಡೀ ಕ್ಲಾಸಿಗೆ ಕೇಳುವಂತೆ ಇಸ್ಮಾಯಿಲನನ್ನು ಕರೆದಳು.

"ದೆಹಲಿಯ ಮೇಲ್ಮನೆಯಲ್ಲಿ ಯಾರು ಕೂರುದು ಇಸ್ಮಾಯಿಲ್?"

"ದೊಡ್ಡ ದೊಡ್ಡವರು."

"ಅಲ್ಲ ಮಾರಾಯ, ರಾಜ್ಯಗಳದ್ದು ಅದು. ಒಂದೊಂದು ರಾಜ್ಯದವರು ಒಂದಿಷ್ಟು ಜನರನ್ನು ಆರಿಸಿ ಕಳಿಸುದು. ಹೆಸರಿಸುದು ಹನ್ನೆರಡು ಜನರನ್ನು ಮಾತ್ರ. ನಮ್ಮಲ್ಲಿ ಒಂಬತ್ತಕ್ಕೆ ಒಂಬತ್ತೂ ಹೆಸರಿಸಿದವರೇ. ಅವರು ಯಾರ ಪರವಾಗಿ ಕೂತದ್ದು, ಹೇಳು?"

ಇಸ್ಮಾಯಿಲ್ ನನ್ನನ್ನು ನೋಡಿದ. ನಾನು ಗೋಳಿಬಜೆಯ ಪರವಾಗಿ ಕೂತದ್ದೆಂದು ಹೇಳಲಾಗಲಿಲ್ಲ.

"ಮತ್ತೆ ನಮಗೆ ರಾಜ್ಯ ಎಲ್ಲಿ ಉಂಟು?" ಅಂದ ವಸಂತ.

"ದಾರಿ ಉಂಟಲ್ಲ," ಅಂದಳು ಯಮುನಾ. ಬೆರಳು ಮಡಚಿ ಎಣಿಸಿದಳು. ಕೋಡಿಂಬಾಳದ ದಾರಿ, ಬಸ್ಸಿನ ದಾರಿ, ಗುಡ್ಡದ ದಾರಿ, ಹೀಗೆ ಆರು. ಏಳನೆಯದು ಹೊಳೆಯ ದಾರಿ. ಶಾಲೆಗೆ ಬರುವವರೆಲ್ಲ ಈ ಏಳರಲ್ಲಿ ಒಂದರಿಂದಲೇ ಬರುವವರು. ಒಂದೊಂದು ದಾರಿಯವರು ಸೇರಿ ಒಬ್ಬರನ್ನು ಆರಿಸಲಿ. ಒಂಬತ್ತು ಕುರ್ಚಿ ಬೇಡ, ಏಳು ಸಾಕು.

"ನಿಮ್ಮ ಹದಿನಾಲ್ಕು ಜನರಿಗೂ ಒಂದು ಕುರ್ಚಿ, ಪೇಟೆಯ ನೂರು ಜನರಿಗೂ ಒಂದು ಕುರ್ಚಿ. ಇದೆಂಥ ನ್ಯಾಯ?"

"ಕೆಳಮನೆಯಲ್ಲಿ ತಲೆ ಎಣಿಸುದು ಉಂಟಲ್ಲ ವಸಂತ. ಅಲ್ಲಿ ನೀವೇ ಗೆಲ್ಲುದು, ಗೆಲ್ಲಿ. ನಾವು ಒಂದೊಂದು ಕ್ಲಾಸಲ್ಲಿ ನಾಲ್ಕೈದು ಜನ, ಚೀಟಿ ಹಾಕಿದ್ರೆ ಯಾವತ್ತೂ ಸೋಲುದೇ. ಮೇಲೆಯೂ ಕೆಳಗೆಯೂ ಒಂದೇ ರೀತಿ ಆದ್ರೆ ಎರಡು ಮನೆ ಯಾಕೆ? ಒಂದಕ್ಕೆ ಬೀಗ ಹಾಕಿ."

ಮಾರ್ಕಿನಲ್ಲಿ ಮೊದಲನೆಯವನು ಸಮಾಜದ ಪುಸ್ತಕಕ್ಕಾಗಿ ಚೀಲ ತಡಕುವುದನ್ನು ಕಂಡು ಕ್ಲಾಸಿನಲ್ಲಿ ಅರ್ಧ ಜನರಿಗೆ ಪ್ರಜಾಪ್ರಭುತ್ವದ ಮೇಲೆ ಪ್ರೀತಿ ಹುಟ್ಟಿತು. ಇಸ್ಮಾಯಿಲ್ ಇದನ್ನು ಕೆಳಮನೆಯಲ್ಲಿ ಪಾಸು ಮಾಡಿಸಿದ. ಮೇಲ್ಮನೆಗೆ ಬಂತು. ಸಂವಿಧಾನ ತಿದ್ದಲು ಒಂಬತ್ತರಲ್ಲಿ ಆರು ಮತ ಬೇಕಿತ್ತು. ಸೋಲಿಸುವುದು ಸುಲಭ, ಆದರೆ ಟಾಂಕಿಯ ಹತ್ತಿರದ ಮಾತು ಆದ ಮೇಲೆ ಎದ್ದುನಿಂತು ಸೋಲಿಸಲು ನನಗೆ ಮುಖವಿರಲಿಲ್ಲ. ಕುರ್ಚಿ ಬಿಡಲು ಮನಸ್ಸೂ ಇರಲಿಲ್ಲ. ಇಂಥ ಇಕ್ಕಟ್ಟಿನಲ್ಲಿ ದೊಡ್ಡವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ.

"ಪರಿಶೀಲನಾ ಸಮಿತಿ ಮಾಡುವ," ಅಂದೆ. "ಹೊಳೆ ನಿಜವಾಗಿ ಎಷ್ಟು ಹೊತ್ತು ತಡೀತದೆ ಅಂತ ನೋಡಿ ಬರ್ಬೇಕಲ್ಲ. ನಾನೇ ಹೋಗ್ತೇನೆ. ಇಸ್ಮಾಯಿಲ್ ಬರ್ಲಿ."

ಹೆಡ್‌ಮಾಸ್ಟ್ರ ಮುಖ ಅರಳಿತು. ಸಮಿತಿ ಎಂಬ ಶಬ್ದ ಅವರಿಗೆ ಹೋಳಿಗೆಯಿದ್ದ ಹಾಗೆ. ಮುಂದಿನ ಶನಿವಾರ ವರದಿ, ಅವತ್ತೇ ಮತ ಎಂದು ಅಪ್ಪಣೆಯಾಯಿತು.

ಶನಿವಾರ ಬೆಳಗ್ಗೆ ಆರೂವರೆಗೆ ನಾವಿಬ್ಬರು ಕಡವಿನಲ್ಲಿದ್ದೆವು. ಕಡವು ಅಂದರೆ ದೋಣಿ ನಿಲ್ಲುವ ಜಾಗ. ಹೊಳೆ ಕಾಫಿಯ ಬಣ್ಣಕ್ಕೆ ತಿರುಗಿ, ದಡದ ಮಾವಿನಮರದ ಸೊಂಟದವರೆಗೆ ಬಂದಿತ್ತು. ಅಂಬಿಗ ಐತಪ್ಪಣ್ಣ ನಮ್ಮನ್ನು ಕೂರಿಸಿಕೊಂಡು ಆಚೆ ದಡಕ್ಕೆ ಬಿಟ್ಟ. ಬೆಳಗ್ಗೆ ಈಚೆಯಿಂದ ಆಚೆಗೆ ಹೋಗುವವರು ಯಾರೂ ಇಲ್ಲ, ಹತ್ತು ನಿಮಿಷದಲ್ಲಿ ತಲುಪಿದೆವು.

"ಹತ್ತೇ ನಿಮಿಷ!" ಅಂದೆ ನಾನು. ಅಲ್ಲೇ ಕಿಸೆಯಿಂದ ಕಾಗದ ತೆಗೆದು ವರದಿ ಬರೆದೆ. ಹೊಳೆ ದಾಟಲು ಹತ್ತು ನಿಮಿಷ ಸಾಕು, ಉಳಿದದ್ದು ಸೋಮಾರಿತನ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

"ಮಾರಾಯ, ನೀನು ಬಂದದ್ದು ಉಲ್ಟಾ ದಾರಿಯಲ್ಲಿ," ಅಂದ ಇಸ್ಮಾಯಿಲ್. "ವಾಪಸು ಹೋದ ಮೇಲೆ ಸಹಿ ಹಾಕು."

ವಾಪಸು ಹೋಗುವ ಸಾಲು ಆಗಲೇ ನಿಂತಿತ್ತು. ಸೊಸೈಟಿಗೆ ಹಾಲಿನ ಕ್ಯಾನು ಹೊತ್ತವರು, ಬ್ರಾಂಚಿಗೆ ಬೀಡಿ ಕಟ್ಟು ಕೊಡಲು ಹೋಗುವ ಹೆಂಗಸರು, ಜ್ವರದ ಮಗುವನ್ನು ಎತ್ತಿಕೊಂಡ ಒಬ್ಬ ತಾಯಿ, ಹಗ್ಗ ಹಿಡಿದ ಒಬ್ಬ ಅಜ್ಜ, ಹಗ್ಗದ ತುದಿಯಲ್ಲಿ ಒಂದು ಆಡು. ಎಲ್ಲರ ಹಿಂದೆ ಹದಿನಾಲ್ಕು ಮಕ್ಕಳು. ಯಮುನಾ ಆರಕ್ಕೇ ಬಂದು ನಿಂತಿದ್ದಳು. ಒಂದು ಸಲಕ್ಕೆ ದೋಣಿಯಲ್ಲಿ ಎಂಟು ಜನ. ಮೊದಲು ಹಾಲು ಹೋಯಿತು. ಆಮೇಲೆ ಜ್ವರ. ಆಮೇಲೆ ಬೀಡಿ, ಎರಡು ಸಲ. ಆಮೇಲೆ ತಡವಾಗಿ ಬಂದ ಇನ್ನಷ್ಟು ಹಾಲು. ಆಮೇಲೆ ಆಡು. ಆಡಿಗೂ ನಮಗಿಂತ ಮೊದಲು ಜಾಗ!

ನಾನು ರಿಬ್ಬನ್ನು ಮುಂದೆ ಮಾಡಿಕೊಂಡು ನುಗ್ಗಿದೆ. "ಐತಪ್ಪಣ್ಣ, ನಾನು ಮೇಲ್ಮನೆಯ ಸದಸ್ಯ."

"ಹೌದಾ? ಮೇಲಿನ ಮನೆ ಯಾರದ್ದು, ಶೆಟ್ರದ್ದಾ?"

"ಅಲ್ಲ, ಸದನದ್ದು. ಇದು ನೋಡಿ ರಿಬ್ಬನ್ನು."

"ಚಂದ ಉಂಟು. ಆಡಿಗೆ ಕಟ್ಟಿದ್ರೆ ಇನ್ನೂ ಚಂದ ಕಾಣ್ತದೆ," ಅಂದ ಐತಪ್ಪಣ್ಣ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ಜೀವಮಾನದಲ್ಲಿ ನಾನು ಮಾಡದ ತಮಾಷೆಗೆ ಇಷ್ಟು ಜನ ನಕ್ಕದ್ದು ಅದೇ ಮೊದಲು.

"ಮಕ್ಕಳನ್ನು ಮೊದಲು ಕರ್ಕೊಂಡು ಹೋಗ್ಲಿಕ್ಕೆ ಆಗುದಿಲ್ವಾ?"

"ಹಾಲು ಕಾದ್ರೆ ಒಡೀತದೆ ಮಗಾ. ಮಕ್ಕಳು ಕಾದ್ರೆ ಒಡೀತಾರಾ?"

ಅಷ್ಟರಲ್ಲಿ ಮೇಲಿನಿಂದ ಬೊಳ್ಳ ಬಂತು. ನಮ್ಮ ಕಡೆ ನೆರೆಗೆ ಹೇಳುವುದು ಹಾಗೆ. ಇಡೀ ಒಂದು ಮರ ಬೇರುಸಮೇತ ತೇಲಿಕೊಂಡು ಹೋಯಿತು. ಐತಪ್ಪಣ್ಣ ದೋಣಿಯನ್ನು ಎಳೆದು ಕಟ್ಟಿ, ನೀರು ಇಳಿಯದೆ ಬಿಡುವುದಿಲ್ಲವೆಂದು ಬೀಡಿ ಹಚ್ಚಿ ಕೂತ. ನಾವು ಮಳೆಯಲ್ಲಿ ನಿಂತೆವು. ಆಗ ಹೊಳೆಯಾಚೆಯಿಂದ ಶಾಲೆಯ ಬೆಲ್ಲು ಕೇಳಿಸಿತು. ಎಷ್ಟು ಸ್ಪಷ್ಟವಾಗಿ ಅಂದರೆ, ಕೊನೆಯ ಎರಡು ಪೆಟ್ಟು ಸ್ವಲ್ಪ ಸೋತದ್ದೂ ಗೊತ್ತಾಯಿತು.

ಮಕ್ಕಳು ಯಾರೂ ಹೇಳದೆಯೇ ಸಾಲಾಗಿ ನಿಂತರು. ಶಾಲೆಯ ಕಡೆಗೆ ಮುಖ ಮಾಡಿ, ಕೊಡೆ ಹಿಡಿದುಕೊಂಡೇ, ನಮ್ಮ ಶಾಲೆಯ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಆಮೇಲೆ ಯಮುನಾ ಲಂಗದ ಮಡಿಕೆಯಿಂದ ಪ್ಲಾಸ್ಟಿಕ್ ಸುತ್ತಿದ ಸಣ್ಣ ಪುಸ್ತಕ ತೆಗೆದಳು. ಒಬ್ಬೊಬ್ಬರ ಹೆಸರು ಕರೆದಳು. ಎಂಟನೇ ಕ್ಲಾಸಿನ ಚೋಟುದ್ದದ ಲೋಕೇಶ ಹಿಮ್ಮಡಿ ಎತ್ತಿ "ಹಾಜರ್" ಎಂದು ಕಿರುಚಿದ. ಜೂನ್ ಒಂದರಿಂದ ಪ್ರತಿದಿನ ಹೀಗೆ ಕರೆದು ಬರೆದಿದ್ದಳಂತೆ. ಅವಳು ಬಂದಿರದ ದಿನ ಇನ್ನೊಬ್ಬರು ಬರೆದಿದ್ದರು. ಬಾರದವರ ಮುಂದೆ ಗೈರು ಎಂದೂ ಇತ್ತು, ಅವಳ ಹೆಸರಿನ ಮುಂದೆಯೂ ಎರಡು ಕಡೆ.

"ಇದೆಲ್ಲ ಯಾರಿಗೆ ತೋರಿಸ್ಲಿಕ್ಕೆ?" ಅಂದೆ.

"ಯಾರಿಗೂ ಅಲ್ಲ. ನಾವು ಬಂದದ್ದು ಹೌದಲ್ವಾ, ಎಲ್ಲಾದ್ರೂ ಬರ್ದಿರ್ಬೇಕಲ್ಲ," ಅಂದಳು. ಆಮೇಲೆ ಕೆಳಗೆ ಹೊಸ ಹೆಸರು ಬರೆದು ಕರೆದಳು, "ಗೋಪಾಲಕೃಷ್ಣ."

ಇನ್ಯಾರನ್ನೋ ಕರೆದದ್ದೆಂದು ನಾನು ಹಿಂದೆ ತಿರುಗಿ ನೋಡಿದೆ. ಇಸ್ಮಾಯಿಲ್ ತಿವಿದ ಮೇಲೆ "ಹಾಜರ್" ಅಂದೆ. ವರದಿಯ ಕಾಗದ ಅಷ್ಟರಲ್ಲಿ ನೆನೆದು ಮುದ್ದೆಯಾಗಿತ್ತು. ಹೊಳೆಗೆ ಹಾಕಿದೆ.

ನೀರು ಇಳಿದು, ಎರಡು ಸಲಕ್ಕೆ ದಾಟಿ, ನಾವೆಲ್ಲ ಶಾಲೆ ತಲುಪುವಾಗ ಹತ್ತೂ ಮುಕ್ಕಾಲು. ಹಾಲ್‌ನ ಬಾಗಿಲು ಹಾಕಿಯಾಗಿತ್ತು. ಲೇಟಾದವರಿಗೆ ಒಳಗೆ ಪ್ರವೇಶವಿಲ್ಲ. ಆ ನಿಯಮಕ್ಕೆ ವರ್ಷದ ಆರಂಭದಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಒಳಗೆ ವಸಂತ, "ಸಮಿತಿ ಬರ್ಲಿಲ್ಲ, ವರದಿ ಇಲ್ಲ, ಮತಕ್ಕೆ ಹಾಕುವ," ಅನ್ನುತ್ತಿದ್ದ. ನಾನು ಸ್ಟೇಜಿನ ಪಕ್ಕದ ಕಿಟಕಿಗೆ ಓಡಿ ಸರಳುಗಳ ನಡುವೆ ಮುಖ ಇಟ್ಟೆ.

"ಸಮಿತಿ ಬಂದಿದೆ!"

"ಲೇಟಾದವರಿಗೆ ಮಾತಾಡುವ ಹಕ್ಕಿಲ್ಲ," ಅಂದ ವಸಂತ.

ಹೆಡ್‌ಮಾಸ್ಟ್ರು ಕಂದು ಹೊದಿಕೆಯ ನೋಟ್‌ಬುಕ್ಕು ತಿರುಗಿಸಿದರು. ತುಂಬಾ ಹೊತ್ತು ತಿರುಗಿಸಿದರು. "ಬಾಗಿಲಿನ ಬಗ್ಗೆ ಬರ್ದದ್ದು ಉಂಟು. ಕಿಟಕಿ ಬಗ್ಗೆ ಎಂತದೂ ಇಲ್ಲ. ಮಾತಾಡ್ಲಿ."

ಜಗಲಿಯ ಎರಚಲು ಮಳೆಯಲ್ಲಿ ನಿಂತು ವರದಿ ಒಪ್ಪಿಸಿದೆ. ಹಾಲಿನ ಕ್ಯಾನಾದೆ, ಜ್ವರದ ಮಗುವಾದೆ, ಐತಪ್ಪಣ್ಣನಾದೆ. ಆಡಾದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ರಿಬ್ಬನ್ನಿನ ಮಾತನ್ನೂ ಹೇಳಿದೆ, ನನ್ನ ಮೇಲೆ ನಗುವಾಗ ಅವರಿಗೆ ಇನ್ನಷ್ಟು ಖುಷಿ. ಆ ನಗೆಯ ಮೇಲೆಯೇ ಬೆಲ್ಲಿನ ಶಬ್ದ ಮಾಡಿ, ಹೊಳೆದಡದ ಪ್ರಾರ್ಥನೆಗೆ ನಿಂತೆ. ಹದಿನಾಲ್ಕು ಹೆಸರು ಕರೆದೆ, ಹದಿನಾಲ್ಕು ಸಲ ಬೇರೆ ಬೇರೆ ಸ್ವರದಲ್ಲಿ ಹಾಜರ್ ಅಂದೆ. ಲೋಕೇಶನ ಹಿಮ್ಮಡಿಗಾದರೂ ನಗುತ್ತಾರೆಂದು ನೋಡಿದೆ. ಯಾರೂ ನಗಲಿಲ್ಲ. ನನ್ನ ಹಿಂದೆ ಜಗಲಿಯಲ್ಲಿ ಆ ಹದಿನಾಲ್ಕು ಜನರೂ ನೀರು ಸುರಿಸುತ್ತಾ ನಿಂತಿದ್ದದ್ದು ಒಳಗಿನವರಿಗೆ ಕಾಣುತ್ತಿತ್ತು.

ಮತಕ್ಕೆ ಹಾಕಿದರು. ಮೊದಲು ಎತ್ತಿದ್ದು ಪ್ರಾರ್ಥನೆ ಹಾಡುವವಳು. ಆಮೇಲೆ ಅಕ್ಷರದವಳು. ಕಬಡ್ಡಿಯವ, "ನನಗೆ ಕುರ್ಚಿಯಲ್ಲಿ ಕೂತು ಕೂತು ಕಾಲು ಹಿಡೀತದೆ," ಎಂದು ಎತ್ತಿದ. ಮತ್ತಿಬ್ಬರು ಎತ್ತಿದರು. ಐದು. ವಸಂತನೂ ಇನ್ನಿಬ್ಬರೂ ಕೈ ಕಟ್ಟಿಕೊಂಡೇ ಕೂತರು. ಆರನೆಯದು ಬೇಕು, ಆರನೆಯವ ಹೊರಗೆ.

ನಾನು ಕಿಟಕಿಯ ಸರಳಿನೊಳಗೆ ಕೈ ತೂರಿಸಿದೆ. ಭುಜದವರೆಗೆ ತೂರಿಸಿದೆ. ನನ್ನ ಕುರ್ಚಿ ಎದುರಿಗೇ ಖಾಲಿಯಿತ್ತು. ಅದರ ಮುಂದೆ ಗೋಳಿಬಜೆಯ ತಟ್ಟೆ ಹೊಗೆಯಾಡುತ್ತಿತ್ತು. ಇಂಥ ತ್ಯಾಗವನ್ನು ಪುರಾಣದಲ್ಲೂ ಯಾರೂ ಮಾಡಿರಲಿಕ್ಕಿಲ್ಲ.

"ಸರ್, ಅವ ಒಳಗಿಲ್ಲ," ಅಂದ ವಸಂತ.

ಹೆಡ್‌ಮಾಸ್ಟ್ರು ಎದ್ದು ಬಂದರು. ಕನ್ನಡಕ ಸರಿಮಾಡಿ ನನ್ನ ಕೈಯನ್ನು ನೋಡಿದರು, ಸರಳನ್ನು ನೋಡಿದರು. "ಅವ ಒಳಗಿಲ್ಲ ಸರಿ," ಅಂದರು. "ಮತ ಹಾಕುದು ಕೈಯಲ್ಲಿ. ಕೈ ಒಳಗುಂಟು. ಆರು."

ಸೆಪ್ಟೆಂಬರಿನಲ್ಲಿ ದಾರಿ ದಾರಿಯ ಚುನಾವಣೆ ನಡೆಯಿತು. ಪೇಟೆಯ ದಾರಿಯಲ್ಲಿ ವಸಂತನ ಎದುರು ನಾನು ನಿಂತು ಘನವಾಗಿ ಸೋತೆ. ಜನರಿಗೆ ನನ್ನನ್ನು ನೋಡಿ ನಗುವುದು ಬೇಕು, ಮತ ಬೇರೆಯವರಿಗೆ. ಹೊಳೆಯ ದಾರಿಯಿಂದ ಯಮುನಾ ಹದಿನಾಲ್ಕಕ್ಕೆ ಹದಿನಾಲ್ಕು. ಹೊಸ ಮೇಲ್ಮನೆಯ ಮೊದಲ ದಿನವೇ ಹಳೆಯ ಠರಾವು ಕೆಳಮನೆ ದಾಟಿ ಮತ್ತೆ ಬಂತು, ಒಂದು ಸಾಲು ಹೆಚ್ಚಾಗಿ: ಕಡವಿನ ಪುಸ್ತಕದಲ್ಲಿ ಹಾಜರಿದ್ದವರನ್ನು ಶಾಲೆಯ ಪುಸ್ತಕದಲ್ಲೂ ಹಾಜರೆಂದು ತಿದ್ದಬೇಕು. ಗುಡ್ಡದ ದಾರಿಯವನು, "ನಮ್ಮ ಸಂಕ ಮುರಿದು ಹಳ್ಳ ದಾಟ್ಲಿಕ್ಕೆ ಆಗದಿದ್ದಾಗ ನೀವು ನಮ್ಮ ಜೊತೆ ಇರ್ಬೇಕು ಆಯ್ತಾ," ಎಂದು ಕೇಳಿಕೊಂಡು ಕೈ ಎತ್ತಿದ. ಏಳರಲ್ಲಿ ಆರು ಕೈ. ಏಳನೆಯವ ವಸಂತ, ಸ್ವಲ್ಪ ಯೋಚಿಸಿ ಅವನೂ ಎತ್ತಿದ.

ಸೋಮವಾರ ಬೆಳಗ್ಗೆ ಹೆಡ್‌ಮಾಸ್ಟ್ರ ಕೋಣೆಗೆ ಯಮುನಾಳನ್ನೂ ನನ್ನನ್ನೂ ಕರೆದರು. ನನ್ನನ್ನು ಕರೆದದ್ದು ಕಡವಿನ ಪುಸ್ತಕದ ತಾರೀಕು ಓದಲು, ನನ್ನ ಗಂಟಲು ದೊಡ್ಡದೆಂದು. ಅವರು ಮೂವತ್ತು ವರ್ಷದಲ್ಲಿ ಹಾಜರಿ ಪುಸ್ತಕದಲ್ಲಿ ಒಂದು ಗೆರೆಯನ್ನೂ ತಿದ್ದಿದವರಲ್ಲ. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದರು. "ಎರಡೂ ಮನೆ ಹೇಳಿದ ಮೇಲೆ ನಾನು ಯಾರು," ಎಂದು ತಮಗೆ ತಾವೇ ಹೇಳಿಕೊಂಡು ಶುರು ಮಾಡಿದರು. ನಾನು ಓದಿದೆ, ಅವರು ಕೆಂಪನ್ನು ಹೊಡೆದುಹಾಕಿ ಪಕ್ಕದಲ್ಲಿ ನೀಲಿಯಲ್ಲಿ ಬರೆದು ಸಹಿ ಮಾಡಿದರು. ಅವಳು ನಿಜವಾಗಿ ಬಾರದ ಎರಡು ದಿನ ಬಂದಾಗ ಯಮುನಾಳೇ, "ಅದು ಬೇಡ ಸರ್, ಅದು ಗೈರೇ," ಅಂದಳು. ಕೊನೆಗೆ ಕೂಡಿಸಿ ನೋಡಿ ಹೆಡ್‌ಮಾಸ್ಟ್ರು ತಲೆ ಎತ್ತಿದರು.

"ಆಯ್ತು, ನಿನ್ನ ಹೆಸರು ಪರೀಕ್ಷೆಯ ಲಿಸ್ಟಿಗೆ ಹೋಗ್ತದೆ. ಹೋಗು, ಗುಮಾಸ್ತರ ಹತ್ರ ಫಾರಂ ತಕೊ."

ಪೆನ್ನು ಮುಚ್ಚಿದರು. ಊಟದ ಬೆಲ್ಲು ಹೊಡೆಯಿತು. ಯಮುನಾಳ ಕಣ್ಣು ತುಂಬಿತ್ತು, ಆದರೆ ಅವಳು ಹೋಗಲಿಲ್ಲ.

"ಸರ್, ನಂದು ಒಂದು ಆಯ್ತು," ಅಂದಳು. "ಇನ್ನು ಹದಿಮೂರು ಜನ ಇದ್ದಾರೆ."

ಹೆಡ್‌ಮಾಸ್ಟ್ರು ಅವಳನ್ನು ನೋಡಿದರು. ಆಮೇಲೆ ಬುತ್ತಿಯನ್ನು ಮೇಜಿನ ಬದಿಗೆ ಸರಿಸಿ, ಶಾಯಿ ಕುಪ್ಪಿಯನ್ನು ಹತ್ತಿರ ಎಳೆದುಕೊಂಡು, ಪೆನ್ನಿಗೆ ಕತ್ತಿನವರೆಗೆ ಶಾಯಿ ತುಂಬಿಸಿದರು.

"ಸಣ್ಣವರಿಂದ ಶುರು ಮಾಡುವ," ಅಂದರು. "ಹೇಳು, ಎಂಟನೇ ಕ್ಲಾಸಿನವ ಯಾರು?"